ಕಾಂತರಾಜುವಿನ ಹೊಟ್ಟೆಕಿಚ್ಚು

ಗೋವಿಂದರಾಜನಗರದ ನಮ್ಮ ರಸ್ತೆಯಲ್ಲಿ ಅತ್ತೆ-ಸೊಸೆ ಜಗಳವಿರಲಿ, ಬಾಡಿಗೆಯ ತಕರಾರಿರಲಿ, ಪಂಚಾಯ್ತಿ ನಡೆಯುತ್ತಿದ್ದದ್ದು ಕಾಂತರಾಜುವಿನ ಪಾತ್ರೆ ಅಂಗಡಿಯಲ್ಲೇ. ಬಂದವರು ಅತ್ತು, ಕಾಫಿ ಕುಡಿದು, ಹೋಗುವಾಗ ಮುಲಾಜಿಗೆ ಬಿದ್ದು ಒಂದು ಕುಕ್ಕರ್ ಒಯ್ಯುತ್ತಿದ್ದರು.

ಹೋದ ವರ್ಷ ರಸ್ತೆಯವರೆಲ್ಲ ಚಂದಾ ಹಾಕಿ, ಸಮಾಜಕಾರ್ಯ ಓದಿದ ಶೋಭಾರಾಣಿಗೆ ಎದುರಿನ ಮಹಡಿಯಲ್ಲಿ ಒಂದು ರೂಮು ಹಿಡಿದುಕೊಟ್ಟೆವು. ಕಷ್ಟ ಇದ್ದವರು ಹೋಗಿ ಮಾತಾಡಬಹುದು, ಫೀಸಿಲ್ಲ. ಬೇಗ ಮುಚ್ಚಿಹೋಗುತ್ತದೆಂಬ ಭರವಸೆಯ ಮೇಲೆ ಕಾಂತರಾಜುವೂ ಧಾರಾಳವಾಗಿ ಕೊಟ್ಟ. ಅದು ಮುಚ್ಚಲಿಲ್ಲ, ಇವನ ಅಂಗಡಿಗೆ ಅಳುವವರು ಬರುವುದು ನಿಂತಿತು. ಪಾತ್ರೆ ಒರೆಸುತ್ತ, ಎದುರಿನ ಮೆಟ್ಟಿಲು ಹತ್ತುವವರನ್ನು ನೋಡಿ ಉರಿದುಕೊಳ್ಳುವುದೇ ಅವನ ಕೆಲಸವಾಯಿತು.

ಮೊನ್ನೆ ಆ ಮೆಟ್ಟಿಲು ಇಳಿದು ಬಂದದ್ದು ಅವನ ಹೆಂಡತಿ ಗಂಗಲಕ್ಷ್ಮಮ್ಮ. ಕಾಂತರಾಜು ಮೇಲಕ್ಕೆ ಓಡಿದ, ತಮಾಷೆ ನೋಡಲು ಹಿಂದೆಯೇ ನಾನೂ.

"ನಮ್ಮೋಳು ಏನ್ ಹೇಳಿದ್ಲಮ್ಮಾ?"

"ಅದನ್ನ ಹೇಳೋ ಹಾಗಿಲ್ಲ ಅಣ್ಣ."

"ಚಂದಾ ಕೊಡೋನು ನಾನು ಕಣಮ್ಮಾ!"

"ಕೊಟ್ಟೋರಿಗೆಲ್ಲ ಹೇಳ್ತಾ ಹೋದ್ರೆ ಇಲ್ಲಿಗೆ ಯಾರು ಬರ್ತಾರಣ್ಣ? ಮನೇಲಿ ಅವರನ್ನೇ ಕೇಳಿ."

ಬೀದಿಯವರ ಸಂಸಾರವನ್ನೆಲ್ಲ ಸರಿಮಾಡಿದವನು ಹೊತ್ತಿಗೆ ಮುಂಚೆಯೇ ಶಟರ್ ಎಳೆದು, "ಅವಳನ್ನ ಏನಂತ ಕೇಳೋದಯ್ಯಾ?" ಎಂದ.

"ನಂಗೇನ್ ಗೊತ್ತು ಕಣಯ್ಯಾ," ಎಂದೆ. "ನಮ್ಮನೆಯೋಳು ಹೋದ ವಾರಾನೇ ಹೋಗ್ಬಂದಿದಾಳೆ."