ಬಾಯಿ ಬಿಡದ ಅಕ್ಷರಗಳು

ಆರ್‌ಪಿಸಿ ಲೇಔಟಿನ ನಮ್ಮ ಅಡ್ಡರಸ್ತೆಯಲ್ಲಿ ವೆಂಕಟಗಿರಿಯವರ ಕೈಗೆ ಸಿಕ್ಕಿಬೀಳದವರು ಯಾರೂ ಇರಲಿಲ್ಲ. ಹಾಲು ತರಲು ಹೋದವರನ್ನು ಗೇಟಿನ ಬಳಿ ನಿಲ್ಲಿಸಿಕೊಂಡು, ಯಾರೂ ಬಳಸದ ಒಂದು ಇಂಗ್ಲಿಷ್ ಪದವನ್ನೂ ಅದರ ವಂಶಾವಳಿಯನ್ನೂ ಒಪ್ಪಿಸಿಯೇ ಬಿಡುತ್ತಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಟಾರ್ಮಿಗನ್, ಚಳಿದೇಶದ ಒಂದು ಹಕ್ಕಿ. "ಸ್ಕಾಟ್ಲೆಂಡಿನ ಪದ ಕಣಮ್ಮ. ಯಾರೋ ಪಂಡಿತ ಗ್ರೀಕ್ ಇರ್ಬೇಕು ಅಂದ್ಕೊಂಡು ಮುಂದೆ ಒಂದು 'ಪಿ' ಅಂಟಿಸಿಬಿಟ್ಟ. ಪಾಪ, ಆ ಪಿ ಅವತ್ತಿಂದ ಬಾಯೇ ಬಿಟ್ಟಿಲ್ಲ" ಎಂದು ನಕ್ಕರು. ಕೈಯಲ್ಲಿದ್ದ ಹಾಲು ಬಿಸಿಲಿಗೆ ಬೆಚ್ಚಗಾಗುತ್ತಿದ್ದರೂ ನಾನೂ ನಕ್ಕೆ.

ಅವರ ಹೆಂಡತಿ ಸೀತಾ ನಗುತ್ತಿರಲಿಲ್ಲ. ಕನ್ನಡದಲ್ಲಿ ಬರೆದ ಅಕ್ಷರವನ್ನೆಲ್ಲ ಓದುತ್ತೇವೆ. ಬರೆದೂ ಓದದೆ ಬಿಡುವುದೆಂದರೆ, ಅವರ ಪ್ರಕಾರ, ಊಟಕ್ಕೆ ಕರೆದು ಎಲೆ ಹಾಕದ ಹಾಗೆ. ಮದುವೆಯಾದ ಹೊಸದರಲ್ಲಿ ಅವರು ನೆಂಟರ ಮುಂದೆ "ಪ್ಲಂಬರ್ ಬಂದಿದ್ದ" ಎಂದಿದ್ದರು. "ಪ್ಲಮರ್ ಅನ್ಬೇಕು, ಬಿ ಹೇಳ್ಬಾರ್ದು. ಲ್ಯಾಟಿನ್‌ನಲ್ಲಿ ಪ್ಲಂಬಮ್ ಅಂದ್ರೆ ಸೀಸ, ಆಗಿನ ಪೈಪೆಲ್ಲ ಸೀಸದ್ದು" ಎಂದು ಗಂಡ ಪಾಠ ಮಾಡಿದರು. ನೆಂಟರು ನಕ್ಕರು. ಅಂದಿನಿಂದ ಸೀತಾ ಗಂಡನೆದುರು ಇಂಗ್ಲಿಷ್ ಆಡುವುದನ್ನೇ ಬಿಟ್ಟರು. ಆ ಮನೆಗೆ ಪ್ಲಂಬರ್ ಬರುತ್ತಿರಲಿಲ್ಲ, ನಲ್ಲಿಯವನು ಬರುತ್ತಿದ್ದ. ಹಠ ಎಂದರೆ ಹಠ. ನಾನಾಗಿದ್ದರೂ ಅಷ್ಟೇ ಮಾಡುತ್ತಿದ್ದೆ.

ಕಳೆದ ವರ್ಷ ವೆಂಕಟಗಿರಿಯವರಿಗೆ ಸ್ಟ್ರೋಕ್ ಆಯಿತು. ಕೈಕಾಲು ಸುಧಾರಿಸಿತು, ಮಾತು ಮರಳಲಿಲ್ಲ. ಎಲ್ಲವೂ ಅರ್ಥವಾಗುತ್ತಿತ್ತು, ಬಾಯಿ ಮಾತ್ರ ಏಳುತ್ತಿರಲಿಲ್ಲ. ಮಾತಿನ ತರಬೇತಿಗೆ ಬರುತ್ತಿದ್ದ ತನ್ಮಯಿ "ನೀರು", "ಅನ್ನ" ಹೇಳಿಸಲು ಹೆಣಗಿ ಸೋತಳು. "ಆಂಟಿ, ಅವ್ರಿಗೆ ಇಷ್ಟವಾದ್ದನ್ನೇ ಮಾತಾಡಿ. ಹೀಗೇ ಸುಮ್ನೆ ಬಿಟ್ರೆ ಆಮೇಲೆ ಕಷ್ಟ" ಎಂದು ಹೇಳಿ ಹೋದಳು.

ಮರುದಿನ ನಾನು ಹುಳಿ ಕೊಡಲು ಹೋದಾಗ ಸೀತಾ ಗಂಡನ ದಪ್ಪ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಬೆರಳಿಟ್ಟು, ಒಂದಕ್ಷರವನ್ನೂ ಬಿಡದೆ "ಪಿಟಾರ್ಮಿಗನ್" ಎಂದು ಓದಿದರು. ವೆಂಕಟಗಿರಿಯವರ ಹುಬ್ಬು ಗಂಟಿಕ್ಕಿತು. ಸೀತಾ ಮತ್ತೆ ಓದಿದರು. ಗಂಡನ ತುಟಿ ಅಲುಗಿತು.

"ಟಾ... ಟಾರ್ಮಿಗನ್."

ಸೀತಾ ನಿಘಂಟಿನ ಮೇಲೆ ಮುಖವಿಟ್ಟು ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ. ತಿದ್ದಿಸಿಕೊಂಡು ಇಷ್ಟು ಸಂತೋಷಪಟ್ಟವರನ್ನು ನಾನು ಕಂಡಿಲ್ಲ.

ಆಮೇಲೆ ದಿನವೂ ಅದೇ ಕೆಲಸ. ನೆರಳು ನೋಡಿ ಹೊತ್ತು ತಿಳಿಯುವ ಕಡ್ಡಿಗೆ ನೋಮನ್ ಎನ್ನುತ್ತಾರಂತೆ, ಗ್ರೀಕಿನಲ್ಲಿ 'ಬಲ್ಲವನು', ನಮ್ಮ ಜ್ಞಾನಕ್ಕೇ ದೂರದ ನೆಂಟ. ಸೀತಾ "ಗ್ನೋಮನ್" ಎಂದೇ ಓದುವರು. "ನೋ..." ಎಂದು ಗಂಡ ತಿದ್ದುವರು. "ಜ್ಞಾನ ಅನ್ನೋವಾಗ ಗ ಕೇಳ್ಸುತ್ತೆ ತಾನೇ, ಇದ್ರಲ್ಲಿ ಮಾತ್ರ ಯಾಕಿಲ್ಲ" ಎಂದು ಇವರು ಜಗಳಕ್ಕೆ ನಿಲ್ಲುವರು.

ಮೊನ್ನೆ ನಾನು ಅಲ್ಲೇ ಕುಳಿತಿದ್ದೆ. ವೆಂಕಟಗಿರಿಯವರು ಒಳಗೆ ಮಲಗಿದ್ದರು, ಬೆಳಗಿನಿಂದ ಒಂದು ಮಾತೂ ಬಂದಿರಲಿಲ್ಲವಂತೆ. ಸೀತಾ ಫೋನನ್ನು ಕಿವಿಗಿಟ್ಟು ರಸ್ತೆಗೆಲ್ಲ ಕೇಳಿಸುವಂತೆ, "ಹಲೋ, ಅರ್ಜೆಂಟಾಗಿ ಪ್ಲಂಬರ್ ಬೇಕಿತ್ತು. ಹೂಂ, ಪ್ಲಂಬರ್" ಎಂದರು. ಆಮೇಲೆ ಒಳಗಿನ ಬಾಗಿಲ ಕಡೆ ತಿರುಗಿ, ಉಸಿರು ಹಿಡಿದು ನಿಂತರು.

"ಪ್ಲಮರ್" ಎಂದಿತು ಒಳಗಿನ ದನಿ. ಸ್ವಲ್ಪ ತಡೆದು, "ಬಿ... ಹೇಳ್ಬಾರ್ದು."

ಸೀತಾ ಫೋನ್ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು. ಯಾವ ನಲ್ಲಿ ಕೆಟ್ಟಿದೆ ಎಂದು ನಾನು ಕೇಳಿದೆ.

"ಯಾವ್ದೂ ಇಲ್ಲ ಕಣೇ" ಎಂದರು.