ವೈರ್‌ಲೆಸ್ಸಿನಲ್ಲಿ ಸಿಕ್ಕ ಊರು

ದುರ್ಗಾ ರಾಮದುರ್ಗ ತಾಲೂಕಿನ ಸಾಲಹಳ್ಳಿಯವಳು. ಅಕ್ಕ ಮರೆವ್ವನ ಜೋಡಿ ಕಟ್ಟಡ ಕೆಲಸಕ್ಕೆಂದು ಹೊರರಾಜ್ಯದ ಕರಾವಳಿಗೆ ಹೋದಾಗ ಅವಳಿಗೆ ಹತ್ತೊಂಬತ್ತು. ಇಟ್ಟಂಗಿ ಹೊತ್ತದ್ದು ಒಂದೇ ವರ್ಷ. ಆಮೇಲೆ ಅಲ್ಲಿನ ಹಾಯಿದೋಣಿ ಕ್ಲಬ್ಬಿನಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಊರ ಹೊಳೆಯಲ್ಲಿ ಮೊಣಕಾಲುದ್ದ ನೀರಿಗೇ ಹೆದರುತ್ತಿದ್ದವಳು ಅಲ್ಲಿ ಈಜು ಕಲಿತಳು, ಎಂಜಿನ್ ಬಿಚ್ಚಿ ಜೋಡಿಸುವುದನ್ನೂ ಕಲಿತಳು. ಆರನೆಯ ವರ್ಷಕ್ಕೆ ಕ್ಲಬ್ಬಿನ ರಕ್ಷಣಾ ದೋಣಿ ಅವಳ ಕೈಗೇ ಬಂತು.

ಮಕ್ಕಳು ಭಾನುವಾರ ಹಾಯಿ ಬಿಚ್ಚಿ ಕಲಿಯುವ ಆ ಕೊಲ್ಲಿಯ ನಡುವೆಯೇ ಬಂದರಿಗೆ ಬರುವ ಹಡಗುಗಳ ದಾರಿ. ಹಾಗಾಗಿ ಕ್ಲಬ್ಬಿಗೂ ಬಂದರಿಗೂ ಒಂದು ಒಪ್ಪಂದವಿತ್ತು. ಎಷ್ಟು ದೋಣಿ, ಎಷ್ಟು ಜನ ಎಂದು ನೀರಿಗಿಳಿಯುವ ಮುಂಚೆ ಕ್ಲಬ್ಬಿನವರು ವೈರ್‌ಲೆಸ್ಸಿನಲ್ಲಿ ಹೇಳಬೇಕು. ಹಡಗು ಬರುವುದಿದ್ದರೆ ಬಂದರಿನವರು ಎಚ್ಚರಿಸಬೇಕು. ಎಲ್ಲರೂ ದಡ ಸೇರಿದ ಮೇಲೆ ಕ್ಲಬ್ಬಿನವರು ಮತ್ತೊಮ್ಮೆ ತಿಳಿಸಬೇಕು. ಮಾತೆಲ್ಲ ಹಿಂದಿಯಲ್ಲಿ.

ಒಂದು ಭಾನುವಾರ ದಣಿದಿದ್ದ ದುರ್ಗಾಳ ಬಾಯಿಂದ ಊರ ಮಾತೇ ಬಂದುಬಿಟ್ಟಿತು.

"ಎಲ್ಲಾರೂ ಬಂದ್ರು ನೋಡ್ರಿ ಸರ."

ಬಂದರಿನ ಕಡೆಯ ದನಿಯೂ ಹಿಂದಿ ಬಿಟ್ಟಿತು. "ಯಾವೂರವಾ ನೀನು?"

"ಸಾಲಹಳ್ಳಿ ರೀ. ರಾಮದುರ್ಗದ ಹತ್ರ. ದುರ್ಗಾ ಅಂತ."

"ನಂದು ಬೈಲಹೊಂಗಲ. ತ್ರ್ಯಂಬಕ ಅಂತ."

ವೈರ್‌ಲೆಸ್ಸಿನಲ್ಲಿ ಹರಟೆ ಹೊಡೆಯುವ ಹಾಗಿಲ್ಲ. ಅವಳು "ಹನ್ನೊಂದು ದೋಣಿ ಹೊಂಟಾವ್ರಿ" ಅಂದರೆ, ಅವರು "ಹುಷಾರಾಗಿ ಹೋಗವಾ, ಗಾಳಿ ಭಾಳ ಅದ" ಅನ್ನುತ್ತಿದ್ದರು. ಅಷ್ಟೇ. ಅಕ್ಕ ಮದುವೆಯಾಗಿ ಊರಿಗೆ ಮರಳಿದ್ದಳು. ಕರಾವಳಿಯಲ್ಲಿ ಅವಳನ್ನು 'ಹೋಗವಾ, ಬಾರವಾ' ಎಂದು ಮಾತಾಡಿಸುವವರು ಬೇರೆ ಯಾರೂ ಉಳಿದಿರಲಿಲ್ಲ. ಆ ಒಂದು ಮಾತಿಗಾಗಿ ದುರ್ಗಾ ಭಾನುವಾರದ ದಾರಿ ಕಾಯುತ್ತಿದ್ದಳು.

ಹೀಗೆ ಮಾತು ಶುರುವಾದ ಮೂರನೆಯ ವರ್ಷ, ಅಕ್ಟೋಬರಿನಲ್ಲಿ, ಒಮ್ಮೆಲೇ ಗಾಳಿ ಎದ್ದು ಇಬ್ಬರು ಹುಡುಗಿಯರಿದ್ದ ದೋಣಿ ಹಡಗಿನ ದಾರಿಯಲ್ಲೇ ಮಗುಚಿತು. ಎದುರಿಗೆ ಸರಕು ತುಂಬಿದ ಭಾರಿ ದೋಣಿ, ಬಾರ್ಜು.

"ಸರ, ಬಾರ್ಜು ತಡೀರಿ!"

"ಹೇಳೇನಿ. ಎಡಕ್ಕ ಹೊರಳಲಿಕ್ಕೆ ಹತ್ತೇದ. ನೀ ಅದರ ಕಡೆ ನೋಡಬ್ಯಾಡ, ಹುಡುಗ್ಯಾರನ್ನ ನೋಡು."

ಅವಳು ಬಾರ್ಜಿನ ಕಡೆ ನೋಡಲಿಲ್ಲ. ಒಬ್ಬಳನ್ನು ರಟ್ಟೆ ಹಿಡಿದು, ಇನ್ನೊಬ್ಬಳನ್ನು ಲೈಫ್ ಜಾಕೆಟ್ ಹಿಡಿದು ಮೇಲೆಳೆದಳು. ಬಾರ್ಜು ಎಬ್ಬಿಸಿದ ಅಲೆಗೆ ದೋಣಿ ಎದ್ದು ಬಿದ್ದಾಗಲೇ ಅದು ಎಷ್ಟು ಹತ್ತಿರದಿಂದ ಹೋಯಿತೆಂದು ತಿಳಿದದ್ದು.

ಮರುತಿಂಗಳೇ ತ್ರ್ಯಂಬಕ ನಿವೃತ್ತರಾದರು. "ಊರಿಗೆ ಹೊಂಟೇನವಾ. ಬಂದಾಗ ಮನಿಗೆ ಬಾ" ಅಂದರು. ಭಾನುವಾರವೆಂದರೆ ಇಬ್ಬರಿಗೂ ಪಾಳಿ, ಉಳಿದ ದಿನ ಬಂದರಿನೊಳಕ್ಕೆ ಹೊರಗಿನವರನ್ನು ಬಿಡುತ್ತಿರಲಿಲ್ಲ, ಹಾಗಾಗಿ ಒಬ್ಬರ ಮುಖ ಒಬ್ಬರು ನೋಡಿಯೇ ಇರಲಿಲ್ಲ. ಹೊಸದಾಗಿ ಬಂದವರ ಕೆಲಸ ಚೊಕ್ಕಟ, ಹಿಂದಿ ಸ್ಪಷ್ಟ. ದೂರಲು ಏನೂ ಇರಲಿಲ್ಲ. ಆದರೂ ವರದಿ ಕೊಟ್ಟ ಮೇಲೆ ದುರ್ಗಾ ಮಾತಿನ ಗುಂಡಿ ಬಿಟ್ಟು ಒಂದಿಷ್ಟು ಹೊತ್ತು ಕಿವಿಗೊಟ್ಟೇ ಕೂರುತ್ತಿದ್ದಳು.

ಜನವರಿಯಲ್ಲಿ ರಜೆ ಹಾಕಿ ಸಾಲಹಳ್ಳಿಗೆ ಬಂದವಳು ಮರಳುವಾಗ ಬೈಲಹೊಂಗಲದಲ್ಲಿ ಇಳಿದು ಮನೆ ಹುಡುಕಿದಳು. ಬಾಗಿಲು ತೆರೆದದ್ದು ಅವರ ಹೆಂಡತಿ ಸುಂದರಾಬಾಯಿ.

"ಸರ ಅದಾರೇನ್ರೀ?"

ಒಳಗಿನಿಂದಲೇ ಕೂಗು ಬಂತು: "ದುರ್ಗಾ ಏನು?"

ದೊಡ್ಡ ಮೀಸೆಯ ಭಾರಿ ಆಳು ಎಂದುಕೊಂಡಿದ್ದಳು. ಬಂದವರು ತೆಳ್ಳಗಿನ ಪುಟ್ಟ ಮನುಷ್ಯ. ಅವಳನ್ನು ಪಕ್ಕದ ಕುರ್ಚಿಯಲ್ಲೇ ಕೂರಿಸಿಕೊಂಡರು. ಸುಂದರಾಬಾಯಿ ಅವಲಕ್ಕಿ, ಚಹಾ ತಂದರು. ಒಂದು ತಾಸು ಊರ ಮಾತು ಕೇಳಿಕೊಂಡು ಹೋಗೋಣ ಎಂದು ಬಂದಿದ್ದಳು ದುರ್ಗಾ. ಅವರು ಕೇಳಿದ್ದು ಬರೀ ಕಡಲಿನ ಸುದ್ದಿ.

"ಮಧ್ಯಾಹ್ನದ ಗಾಳಿ ಈಗ ಎಷ್ಟಕ್ಕ ಏಳತದ? ಹಡಗಿನ ದಾರ್ಯಾಗ ತೇಲೋ ಕೆಂಪು ದೀಪದ ಬೋಯಾ ರಿಪೇರಿ ಆತೇನು? ದೋಣಿ ಎಷ್ಟು ಇಳಸಾಕತ್ತೀರಿ?"

"ಬಂದಾಗಿಂದ ಹಿಂಗ," ಅಂದರು ಸುಂದರಾಬಾಯಿ. "ಮುಂಜಾನೆ ಎದ್ದು ಮಾಳಗಿ ಹತ್ತಿ ಪಡುವಣಕ್ಕ ಮಾರಿ ಮಾಡಿ ನಿಂದರತಾರ. ಕಾಣೂದು ಎಪಿಎಂಸಿ ಶೆಡ್ಡು."

ದುರ್ಗಾ ನಗಲಿಲ್ಲ. "ನನಗ ಊರಿಗೆ ಬಂದಬಿಡಬೇಕು ಅನಸತೈತ್ರಿ, ಸರ."

ತ್ರ್ಯಂಬಕ ಬಟ್ಟಲು ಕೆಳಗಿಟ್ಟರು. "ಬರಬ್ಯಾಡ ಅನ್ನೂದಿಲ್ಲ. ಆದರ ಆ ಕಡಲು ಬೆನ್ನ ಹತ್ತಿ ಬರತದವಾ. ನನಗ್ಯಾರೂ ಹೇಳಲಿಲ್ಲ, ನಿನಗ ಹೇಳೇನಿ."

ಬಸ್‌ಸ್ಟ್ಯಾಂಡಿನ ತನಕ ಅವರೇ ನಡೆದು ಬಂದರು, ಧಾರವಾಡದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟರು. ಕಿತ್ತೂರಿನ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಅಡ್ಡ ಬಂದು ಬಸ್ಸು ತೆವಳತೊಡಗಿತು. ಜನ ಗೊಣಗಿದರು. ದುರ್ಗಾಳಿಗೆ ಮಾತ್ರ ಇನ್ನೂ ತಡವಾಗಲಿ, ಊರ ಮಾತು ಇನ್ನಷ್ಟು ಹೊತ್ತು ಕಿವಿಗೆ ಬೀಳಲಿ ಅನ್ನಿಸಿತು. ಮರುದಿನ ಭಾನುವಾರ, ಬೆಳಿಗ್ಗೆ ಏಳಕ್ಕೆಲ್ಲ ಅವಳು ನೀರಿನ ಮೇಲಿರಬೇಕಿತ್ತು.