ಬಾಗಿಲ ಒಳಮುಖದ ಫಲಕ

ಗೇಟಮ್ಮ ಕೋಪ ಬಂದರೆ ಕೂಗಾಡುವವಳಲ್ಲ. ಕುರ್ಚಿ ಬದಲಾಯಿಸುತ್ತಾಳೆ. ಹಳೇ ನೂಲಿನ ಮಿಲ್ಲಿನ ಅಂಗಳದಲ್ಲಿ ವರ್ಷಕ್ಕೊಮ್ಮೆ ನಡೆಯುವ ಸ್ಮರಣೆಯ ದಿನ, ಪರಂಪರೆ ಸಮಿತಿಯ ಅಧ್ಯಕ್ಷರಿಗೆ ಹಾಕುವ ಕುರ್ಚಿಯ ಒಂದು ಕಾಲು ಯಾವಾಗಲೂ ಗಿಡ್ಡ. ಬಿಸಿಲು ನೇರ ಕಣ್ಣಿಗೆ ಹೊಡೆಯುವ ಕಡೆಗೇ ಅದರ ಮುಖ. ಮೈಕು ಅವರ ಬಾಯಿಗಿಂತ ಗೇಣುದ್ದ ಮೇಲೆ, ನೀರಿನ ಲೋಟ ಕೈಗೆ ಎಟುಕದಷ್ಟು ದೂರ. ಅಧ್ಯಕ್ಷರು ಇದನ್ನೆಲ್ಲ ವಯಸ್ಸಾದವಳ ಮರೆವು ಎಂದುಕೊಂಡು ದೊಡ್ಡ ಮನಸ್ಸು ಮಾಡಿ ನಕ್ಕುಬಿಡುತ್ತಿದ್ದರು. ಆ ನಗು ಕಂಡಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು.

ಅವಳಿಗೆ ಬೇರೆ ಹೆಸರು ಇಲ್ಲವೆಂದಲ್ಲ. ಮತದಾರರ ಪಟ್ಟಿಯವರು ಬಂದು ಕೇಳಿದರೆ ಒಂದು ಗಳಿಗೆ ಯೋಚಿಸಿ ಹೇಳುತ್ತಾಳೆ, ಅಷ್ಟೇ. ಮಿಲ್ಲು ಮುಚ್ಚಿ, ಅದರ ಜಾಗದಲ್ಲಿ ಫ್ಲಾಟುಗಳು, ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಕಾರು ತೊಳೆಯುವ ಅಂಗಡಿ ಎಲ್ಲ ಎದ್ದ ಮೇಲೆ ಉಳಿದದ್ದು ಒಂದು ಹೊಗೆ ಗೂಡು, ನೂಲು ಸುತ್ತುವ ಒಂದು ಉದ್ದನೆಯ ಕೋಣೆ ಮತ್ತು ಅವೆರಡನ್ನೂ ಕಾಯುವ ಈ ಹೆಂಗಸು. ಫ್ಲಾಟಿನ ಮಕ್ಕಳು ಇವಳು ಗೇಟಿನ ಜೊತೆಗೇ ಬಂದವಳೆಂದು ತಿಳಿದಿದ್ದಾರೆ. ಅವಳು ಬಂದದ್ದು ಲಂಗ ಉಡುವ ವಯಸ್ಸಿನಲ್ಲಿ, ಬಾಬಿನ್ನಿಗೆ ನೂಲು ಸುತ್ತುವ ಕೆಲಸಕ್ಕೆ, ಬೆನ್ನಿಗೆ ಬಿದ್ದ ತಂಗಿಯನ್ನೂ ಕರೆದುಕೊಂಡು. ತಂಗಿ ಮಹಾ ಮಾತುಗಾರ್ತಿ. ಹರಿದ ನೂಲಿಗೆ ಒಂದೇ ಕೈಯಲ್ಲಿ ಗಂಟು ಹಾಕಿ, ಇನ್ನೊಂದು ಕೈಯಲ್ಲಿ ಅಕ್ಕನ ಸೊಂಟ ಚಿವುಟುವಷ್ಟು ಚುರುಕು. ಅವಳ ಯಂತ್ರ ಹಿಂಬಾಗಿಲ ಪಕ್ಕದಲ್ಲಿತ್ತು, ಅಕ್ಕನದು ಕಿಟಕಿಯ ಕಡೆ.

ಆ ಹಿಂಬಾಗಿಲಿಗೆ ಸೂಪರ್‌ವೈಸರ್ ಹೊರಗಿನಿಂದ ಬೀಗ ಹಾಕುತ್ತಿದ್ದ. ಬಿಟ್ಟರೆ ಹುಡುಗಿಯರು ಗಾಳಿಗೆಂದು ಅಂಗಳಕ್ಕೆ ಹೋಗಿ ಹರಟೆ ಹೊಡೆಯುತ್ತಾರೆ ಎಂದು ಅವನ ಸಂಕಟ. ಬಾಗಿಲು ಭಾರಕ್ಕೆ ಜೋತುಬಿದ್ದಿತ್ತು. ಸುಮ್ಮನೆ ಕೀಲಿ ತಿರುಗಿಸಿದರೆ ಬೀಗ ಕೂರುತ್ತಲೂ ಇರಲಿಲ್ಲ, ಬಿಡುತ್ತಲೂ ಇರಲಿಲ್ಲ. ಮೊಣಕಾಲು ಕೊಟ್ಟು ಬಾಗಿಲನ್ನು ಮೇಲಕ್ಕೆತ್ತಿ ಹಿಡಿದು, ಆಮೇಲೆ ತಿರುಗಿಸಬೇಕು. ಊಟದ ಹೊತ್ತು ಮುಗಿದೊಡನೆ ಒಳಗಿನವರಿಗೆಲ್ಲ ದಿನಾ ಆ ಸದ್ದು ಕೇಳುತ್ತಿತ್ತು. ಧಪ್ ಎಂದು ಮೊಣಕಾಲು, ಕಟಕ್ ಎಂದು ಬೀಗ.

ಬೆಂಕಿ ಬಿದ್ದ ದಿನವೂ ಆ ಸದ್ದು ಕೇಳಿತ್ತು. ಹತ್ತಿಯ ಧೂಳಿಗೆ ಕಿಡಿ ತಗುಲಿದರೆ ಹೊತ್ತು ಬೇಕೇ? ಎದುರಿನ ದೊಡ್ಡ ಬಾಗಿಲ ಕಡೆಯೇ ಉರಿ ಎದ್ದಿತ್ತು. ಕಿಟಕಿಯ ಕಡೆಯವರು ಸರಳು ಕಿತ್ತು ಹೇಗೋ ಹೊರಗೆ ಬಿದ್ದರು. ಹಿಂಬಾಗಿಲ ಕಡೆಯವರು ಬಾಗಿಲು ಬಡಿದರು. ಸೂಪರ್‌ವೈಸರ್ ಕೀಲಿ ಜೇಬಿನಲ್ಲಿಟ್ಟುಕೊಂಡೇ ರಸ್ತೆಯವರೆಗೆ ಓಡಿದ್ದ. ಜನ ಸೇರಿದ ಮೇಲೆ ವಾಪಸು ಬಂದು, ಹೊಗೆಯ ಮರೆಯಲ್ಲಿ ತೆಗೆದ. ಆಗ ಬಡಿಯುವ ಸದ್ದು ನಿಂತುಹೋಗಿತ್ತು. ತಂಗಿ ಬಾಗಿಲಿಗೆ ಒರಗಿಕೊಂಡೇ ಇದ್ದಳು.

ವಿಚಾರಣೆಯಲ್ಲಿ ಅವನು ಹೇಳಿದ್ದೇ ಬೇರೆ. ಆ ಬೀಗ ಎಷ್ಟೋ ವರ್ಷದಿಂದ ಹಾಕದೆ ತುಕ್ಕು ಹಿಡಿದು ಕೂತಿತ್ತು, ಅದರ ಕೀಲಿಯನ್ನು ತಾನು ಕಣ್ಣಿಂದ ಕಂಡೂ ಇಲ್ಲ, ಬಿಸಿಗೆ ಉಬ್ಬಿ ಸಿಕ್ಕಿಕೊಂಡಿದ್ದ ಬಾಗಿಲನ್ನು ತಾನು ಹೆಗಲು ಕೊಟ್ಟು ತಳ್ಳಿ ತೆರೆದೆ ಎಂದ. ಹುಡುಗಿಯರು ಬೀಗ ಹಾಕಿತ್ತು ಎಂದರು. ಗಾಬರಿಯಲ್ಲಿ ಹಾಗನ್ನಿಸಿರಬೇಕಮ್ಮಾ ಎಂದು ಅಧಿಕಾರಿಗಳು ನಯವಾಗಿ ಹೇಳಿ ಕಳಿಸಿದರು. ಬಾಗಿಲು ತೆರೆದ ಪುಣ್ಯಾತ್ಮ ಎಂದು ಊರು ಅವನನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ಕಾಲಕ್ರಮದಲ್ಲಿ ‘ಅವನು’ ಹೋಗಿ ‘ಅವರು’ ಆದರು, ಪರಂಪರೆ ಸಮಿತಿಯ ಅಧ್ಯಕ್ಷರೂ ಆದರು. ಊರು ಕೊಟ್ಟ ಬಹುವಚನವನ್ನು ಗೇಟಮ್ಮ ಬಾಯಲ್ಲಿ ಕೊಟ್ಟಳು, ಮನಸ್ಸಿನಲ್ಲಿ ಕೊಡಲಿಲ್ಲ.

ಸ್ಮರಣೆಯ ದಿನ ಅಲ್ಲಿ ಒಂದು ಪದ್ಧತಿ ಇದೆ. ಬದುಕಿ ಉಳಿದವರು ನೂಲಿನ ಕೋಣೆಯೊಳಗೆ ಹೋಗಿ, ಅವತ್ತು ತಾವು ನಿಂತಿದ್ದ ಜಾಗದಲ್ಲೇ ನಿಲ್ಲುತ್ತಾರೆ. ಸತ್ತವರ ಜಾಗ ಖಾಲಿ. ಹಳೇ ಸೈರನ್ ಕೂಗಿ ನಿಲ್ಲುವವರೆಗೂ ಯಾರೂ ಕದಲುವಂತಿಲ್ಲ. ಅಧ್ಯಕ್ಷರು ಮಾತ್ರ ಒಳಗೆ ಕಾಲಿಡುತ್ತಿರಲಿಲ್ಲ. ಅಂಗಳದಲ್ಲೇ ಭಾಷಣ ಮಾಡಿ, ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಪಾಪ, ಒಳಗೆ ಹೋಗಲು ಜೀವ ಒಪ್ಪುವುದಿಲ್ಲ ಎಂದು ಜನ ಲೊಚಗುಟ್ಟುತ್ತಿದ್ದರು.

ಈ ವರ್ಷ ಸಮಿತಿಯ ಕಾರ್ಯದರ್ಶಿ, ಔಷಧಿ ಅಂಗಡಿಯವನು, ಹಿತ್ತಾಳೆಯ ಫಲಕವೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗೇಟಿಗೆ ಬಂದ. ತುಂಬ ಉತ್ಸಾಹದ ಮನುಷ್ಯ, ಯಾರ ಮೇಲೂ ಅನುಮಾನ ಪಟ್ಟು ಗೊತ್ತಿಲ್ಲದವನು. ‘ಪ್ರಾಣವನ್ನೇ ಪಣಕ್ಕಿಟ್ಟು ಈ ಬಾಗಿಲನ್ನು ತೆರೆದವರು’ ಎಂದು ಕೊರೆಸಿ, ಕೆಳಗೆ ಅಧ್ಯಕ್ಷರ ಹೆಸರು ಹಾಕಿಸಿದ್ದ. ಗೇಟಮ್ಮ ಅದನ್ನು ಕೈಯಲ್ಲಿ ಹಿಡಿದು ನೋಡಿದಳು. ಮಾತು ಗಾಳಿಗೆ ಹೋಗುತ್ತದೆ, ಭಾಷಣ ಮುಗಿಯುತ್ತದೆ. ಹಿತ್ತಾಳೆ ಹೋಗುವುದಿಲ್ಲ. ತಾನು ಸತ್ತ ಮೇಲೂ ತಂಗಿ ಒರಗಿದ್ದ ಬಾಗಿಲ ಮೇಲೆ ಆ ಸುಳ್ಳು ಹೊಳೆಯುತ್ತ ಕೂತಿರುತ್ತದೆ. ಅವಳು ಸಾಧುವಾಗಿ ಕೇಳಿದಳು.

“ಎಲ್ಲಿ ಹಾಕ್ತೀರ ಸಾರ್ ಇದನ್ನ?”

“ಬಾಗಿಲ ಮೇಲೆ. ಹೊರಗಡೆ, ಎಲ್ರಿಗೂ ಕಾಣೋ ಹಾಗೆ.”

“ಹೊರಗಡೆ ಮಳೆ ಬಿಸಿಲಿಗೆ ಒಂದೇ ವರ್ಷಕ್ಕೆ ಕಪ್ಪಾಗತ್ತೆ. ಒಳಮುಖಕ್ಕೆ ಹಾಕ್ಸಿ. ನೋಡೋಕೆ ಬರೋರೆಲ್ಲ ಒಳಗೇ ತಾನೆ ನಿಲ್ಲೋದು? ನಾನು ದಿನಾ ಉಜ್ಜಿ ಇಡ್ತೀನಿ.”

ಕಾರ್ಯದರ್ಶಿಗೆ ಕಣ್ಣು ತುಂಬಿ ಬಂತು. “ನಿಮಗಿರೋ ಕಾಳಜಿ ನಮಗೂ ಇಲ್ಲ ನೋಡಿ.”

“ಇನ್ನೊಂದು ಸಾರ್. ಒಳಮುಖಕ್ಕೆ ಹಾಕಿದ್ರೆ ಬಾಗಿಲು ಮುಚ್ಚಿದಾಗಲೇ ಅದು ಕಾಣೋದು. ಅನಾವರಣದ ಹೊತ್ತಿಗೆ ಅಧ್ಯಕ್ಷರು ಒಳಗೆ ಬರಬೇಕಾಗತ್ತೆ. ನಾನು ಹೊರಗಿಂದ ಬಾಗಿಲು ಎಳ್ಕೊಳ್ತೀನಿ.”

“ಅವರ ಹೆಸರಿನ ಫಲಕಕ್ಕೆ ಅವರು ಬರಲ್ಲ ಅಂತಾರಾ?” ಎಂದ ಕಾರ್ಯದರ್ಶಿ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಇಷ್ಟು ವರ್ಷ ಧೂಳಿಗೆ, ದುಃಖಕ್ಕೆ ಒಳಗೆ ಬಾರದಿದ್ದವರು ಹಿತ್ತಾಳೆಗೆ ಒಪ್ಪಿಕೊಂಡರು.

ಗೇಟಮ್ಮ ತನ್ನ ಹೂಟವನ್ನು ಹೇಳಿದ್ದು ಉದ್ದಕ್ಕನಿಗೆ ಮಾತ್ರ. ಉದ್ದಕ್ಕ ಅಂದರೆ ಜೊತೆಯಲ್ಲೇ ಕೆಲಸ ಮಾಡಿದ್ದವಳು, ಎತ್ತರದ ಆಳು, ಬೆನ್ನಿನ ತುಂಬ ಅವತ್ತಿನ ಸುಟ್ಟ ಕಲೆ. ಹಳೆಯದು ಹಳೆಯದರಂತೆಯೇ ಇರಬೇಕೆಂದು ತಜ್ಞರು ಹೇಳಿದ್ದರಿಂದ, ಬಾಗಿಲು ದುರಸ್ತಿ ಮಾಡಿದವರು ಬೀಗಕ್ಕೆ ಎಣ್ಣೆ ಹಾಕಿ, ಕೀಲಿ ಮಾಡಿಸಿ, ಬಾಗಿಲು ಜೋತುಬಿದ್ದದ್ದನ್ನು ಹಾಗೇ ಬಿಟ್ಟಿದ್ದರು. ಸಂಜೆ ಬೀಗ ಹಾಕುವಾಗ ಅವನ ಮೊಣಕಾಲು ತಾಗಿದ್ದ ಕಡೆಗೇ ತನ್ನ ಮೊಣಕಾಲು ತಾಗಿಸಬೇಕಲ್ಲ ಎಂದು ಗೇಟಮ್ಮನಿಗೆ ದಿನವೂ ಮೈ ಉರಿಯುತ್ತಿತ್ತು. ಅದೇ ಈಗ ಉಪಯೋಗಕ್ಕೆ ಬಂದಿತ್ತು.

“ನೀವೂ ಒಳಗೇ ಇರ್ತೀರಲ್ಲ ಉದ್ದಕ್ಕ. ಬೀಗ ಹಾಕಿದ್ರೆ ಭಯ ಆಗಲ್ವಾ?”

“ಅವನೂ ಒಳಗಿರ್ತಾನಲ್ಲೇ. ನನಗೇನು ಭಯ?” ಎಂದಳು ಉದ್ದಕ್ಕ.

ಆ ದಿನ ಬಂತು. ಅಧ್ಯಕ್ಷರು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಕೋಣೆಯ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ಎಲ್ಲರೂ ನೋಡುತ್ತಿದ್ದಾರೆಂದು ಒಳಗೆ ಕಾಲಿಟ್ಟರು. ಹೆಂಗಸರು ತಂತಮ್ಮ ಜಾಗ ಹಿಡಿದರು. ಗೋಡೆಯ ಉದ್ದಕ್ಕೂ ಸಮಿತಿಯವರು, ಫ್ಲಾಟಿನವರು, ಪತ್ರಿಕೆಯ ಒಬ್ಬ ಹುಡುಗಿ. ಗೇಟಮ್ಮ ಹೊರಗೆ ಬಂದು ಹಿಂಬಾಗಿಲು ಎಳೆದುಕೊಂಡಳು. ಒಳಗೆ ಬಟ್ಟೆ ಸರಿಸಿ ಚಪ್ಪಾಳೆ ಹೊಡೆಯುವುದು ಕೇಳಿತು. ಎದುರಿನ ದೊಡ್ಡ ಬಾಗಿಲನ್ನು, ಬೀದಿಯ ಗದ್ದಲ ಬರಬಾರದೆಂಬ ನೆಪ ಹೇಳಿ, ಅವಳು ಆಗಲೇ ಮುಚ್ಚಿ ಹೊರಗಿನಿಂದ ಅಗುಳಿ ಹಾಕಿ ಬಂದಿದ್ದಳು.

ಚಪ್ಪಾಳೆ ನಿಂತು ಸೈರನ್ ಕೂಗಿತು. ಕೂಗು ಇಳಿದು ನಿಂತೊಡನೆ ಅವಳು ಮೊಣಕಾಲು ಕೊಟ್ಟಳು, ಕೀಲಿ ತಿರುಗಿಸಿದಳು.

ಧಪ್. ಕಟಕ್.

ಒಳಗೆ ಯಾರೋ ಒಬ್ಬಳು ಉಸಿರೆಳೆದುಕೊಂಡದ್ದು ಕೇಳಿಸಿತು. ಆಮೇಲೆ ಕಾರ್ಯದರ್ಶಿಯ ದನಿ, ಇನ್ನೂ ನಗುನಗುತ್ತಲೇ. “ಗೇಟಮ್ಮ, ಬಾಗಿಲು ತೆಗೀರಿ.”

“ತೆಗೀತಿದೀನಿ ಸಾರ್. ಬೀಗ ಬಿದ್ದುಬಿಟ್ಟಿದೆ. ಕೀಲಿ ತಿರುಗ್ತಾನೇ ಇಲ್ಲ.” ಅವಳು ಕೀಲಿಯನ್ನು ಸುಮ್ಮನೆ ಗಲಗಲ ಆಡಿಸಿದಳು.

ಬಾಗಿಲಿಗೆ ಒಂದು ಏಟು ಬಿತ್ತು. ಇನ್ನೊಂದು. ಅಧ್ಯಕ್ಷರು ಅಂಗೈಯಿಂದ ಬಡಿಯುತ್ತಿದ್ದರು. ಭಾಷಣದ ದನಿ ಎಲ್ಲೋ ಹೋಗಿತ್ತು. “ತೆಗಿ. ಬೇಗ ತೆಗಿ.”

“ಬರ್ತಿಲ್ಲ ಸಾರ್.”

“ಹಾಗಲ್ಲ ಅದು. ಮೊಣಕಾಲು ಕೊಡು. ಮೊಣಕಾಲು ಕೊಟ್ಟು ಬಾಗಿಲು ಎತ್ತಿ ಹಿಡಿ, ಆಮೇಲೆ ಎಡಕ್ಕೆ ತಿರುಗಿಸು. ಎತ್ತದೆ ಇದ್ರೆ ಬಿಡಲ್ಲ ಅದು.”

ಒಳಗೆ ಎಲ್ಲರ ಕಿವಿಯೂ ನೆಟ್ಟಗಾಗಿರಬೇಕು. ಕಾರ್ಯದರ್ಶಿ ನಿಧಾನವಾಗಿ ಕೇಳಿದ್ದು ಹೊರಗೂ ಕೇಳಿಸಿತು. “ಸಾರ್, ಈ ಬೀಗದ ಕೀಲಿ ನೀವು ಕಂಡೇ ಇಲ್ಲ ಅಂತಿದ್ರಲ್ಲ?”

ಗೇಟಮ್ಮ ಬಾಗಿಲಿಗೆ ಬಾಯಿ ಹತ್ತಿರ ತಂದಳು. ಇಷ್ಟು ವರ್ಷ ಹಲ್ಲು ಕಚ್ಚಿ ಹಿಡಿದಿದ್ದ ಮಾತು, ಬರುವಾಗ ಬಹಳ ಮೆತ್ತಗೆ ಬಂತು. “ಅವತ್ತು ಕೀಲಿ ಯಾರ ಹತ್ರ ಇತ್ತು ಸಾರ್?”

ಬಡಿತ ಜೋರಾಯಿತು. ಅವರು ಹೆಗಲು ಕೊಟ್ಟು ತಳ್ಳಿದರು. ಹೆಗಲಿಗೆ ಬಗ್ಗುವ ಬಾಗಿಲಲ್ಲ ಅದು, ಅವತ್ತೂ ಬಗ್ಗಿರಲಿಲ್ಲ.

“ಯಾರ ಹತ್ರ ಇತ್ತು?”

“ನನ್ನ ಹತ್ರ. ನನ್ನ ಜೇಬಲ್ಲಿತ್ತು. ಹೆದರಿ ಓಡಿದೆ, ಮರೆತುಹೋಯ್ತು. ತೆಗಿ ತಾಯಿ, ಉಸಿರು ಕಟ್ತಿದೆ.”

ಅವಳ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಮರೆತುಹೋಯ್ತಂತೆ. ಛತ್ರಿ ಮರೆತಂತೆ ಮರೆತನಂತೆ. ತೆಗೆಯಬಾರದು ಎನ್ನಿಸಿತು ಅವಳಿಗೆ, ನಿಜವಾಗಿಯೂ ಹಾಗೇ ಅನ್ನಿಸಿತು. ತಾನೂ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆಯವರೆಗೆ ನಡೆದು ಹೋಗಿ, ಚಹಾ ಕುಡಿದು, ಜನ ಸೇರಿದ ಮೇಲೆ ಬಂದರೆ ಸರಿಯಾಗುತ್ತದೆ. ಅವಳು ಕೀಲಿಯನ್ನು ಬೀಗದಿಂದ ಕಿತ್ತು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಂತಳು. ಒಳಗೆ ಆ ಮನುಷ್ಯ ಈಗ ಬಡಿಯುತ್ತಿರಲಿಲ್ಲ, ಮಗುವಿನಂತೆ ಬಿಕ್ಕುತ್ತಿದ್ದ. ಈ ಸಲ ಕರವಸ್ತ್ರಕ್ಕೆ ಕೈ ಹೋಗಿರಲಾರದು.

“ಸಾಕು ಕಣೇ, ತೆಗಿ” ಎಂದಳು ಉದ್ದಕ್ಕ ಒಳಗಿನಿಂದ. “ನಿಂತು ನಿಂತು ನನ್ನ ಕಾಲು ಸೋತು ಹೋಯ್ತು.”

ಉದ್ದಕ್ಕನಿಗಾಗಿ ಅವಳು ತೆಗೆದಳು. ಅವನಿಗಾಗಿ ಅಲ್ಲ.

ಅಧ್ಯಕ್ಷರು ಯಾರ ಮುಖವನ್ನೂ ನೋಡದೆ ಹೊರಗೆ ಬಂದು, ಅಂಗಳ ದಾಟಿ, ಗೇಟಿನಿಂದ ಹೊರಟುಹೋದರು. ಹೆಂಗಸರು ಒಬ್ಬೊಬ್ಬರಾಗಿ ಬಂದರು. ಕಾರ್ಯದರ್ಶಿ ಕೊನೆಗೆ ಬಂದ, ಮುಖ ಬಿಳಿಚಿಕೊಂಡಿತ್ತು. ಗೇಟಮ್ಮನ ಮೇಲೆ ರೇಗಬೇಕೋ ಕ್ಷಮೆ ಕೇಳಬೇಕೋ ತಿಳಿಯದೆ, ಫಲಕದ ತಿರುಪು ಬಿಚ್ಚಲು ಏನಾದರೂ ಇದೆಯೇ ಎಂದು ಕೇಳಿದ. ಅವಳ ಸೊಂಟದಲ್ಲೇ ಇತ್ತು. ಬೆಳಗಿನಿಂದ ಇಟ್ಟುಕೊಂಡಿದ್ದಳು.

ಆಮೇಲೆ ಸಮಿತಿಯಲ್ಲಿ ಬಹಳ ಜಗ್ಗಾಟವಾಯಿತು. ವಯಸ್ಸಾದವರನ್ನು ಹಾಗೆ ಕೂಡಿಹಾಕಬಹುದೇ ಎಂದರು ಕೆಲವರು. ಅವಳನ್ನು ಕೆಲಸದಿಂದ ತೆಗೆಯಿರಿ ಎಂದವರೂ ಇದ್ದರು. ಪತ್ರಿಕೆಯಲ್ಲಿ ಸುದ್ದಿ ಬಂದು ಬಾಯಿಂದ ಬಾಯಿಗೆ ಹರಡಿದ ಮೇಲೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಹೊಸ ಫಲಕಕ್ಕೆ ಏನು ಬರೆಸೋಣ ಎಂದು ಕಾರ್ಯದರ್ಶಿ ಅವಳನ್ನೇ ಬಂದು ಕೇಳಿದ. ‘ಈ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಲಾಗಿತ್ತು’ ಎಂದು ಬರೆಸಿದಳು. ಕೆಳಗೆ ಸತ್ತವರ ಹೆಸರುಗಳು, ತಂಗಿಯದು ಮೊದಲು. ಬೀಗ ಹಾಕಿದವನ ಹೆಸರು ಬೇಡವೇ ಎಂದರೆ, “ಅವನ ಹೆಸರು ಉಜ್ಜೋಕೆ ನನಗೆ ಪುರುಸೊತ್ತಿಲ್ಲ” ಎಂದಳು.

ಮಳೆಗಾಲ ಕಳೆದು ಒಂದು ಮಧ್ಯಾಹ್ನ ಒಬ್ಬ ಹೆಂಗಸು ಗೇಟಿಗೆ ಬಂದಳು. ತಲೆ ನರೆತವಳು, ಕೈಯಲ್ಲಿ ಬಟ್ಟೆಯ ಚೀಲ. ಅವನ ಹೆಂಡತಿ. ಗೇಟಮ್ಮ ಕುರ್ಚಿ ಹಾಕಿದಳು. ಕಾಲು ನೆಟ್ಟಗಿದ್ದ ಕುರ್ಚಿಯನ್ನೇ, ನೆರಳಿನಲ್ಲೇ ಹಾಕಿದಳು, ನೀರು ಕೈಗೇ ಕೊಟ್ಟಳು.

“ನಿದ್ದೆ ಮಾಡಲ್ಲ ಅವರು” ಎಂದಳು ಆಕೆ. “ಮನೇಲಿ ಒಂದು ಬಾಗಿಲೂ ಹಾಕೋಕೆ ಬಿಡಲ್ಲ. ಬಚ್ಚಲಿಗೆ ಹೋದ್ರೂ ನಾನು ಹೊರಗೆ ಬಾಗಿಲು ಹಿಡ್ಕೊಂಡು ನಿಂತಿರಬೇಕು. ನೀನು ಒಂದು ಸಲ ಬಂದು, ಹೋಗಲಿ ಬಿಡಿ ಅಂತ ಅಂದ್ರೆ ಸಾಕಮ್ಮ. ಅಷ್ಟೇ ಕೇಳೋಕೆ ಬಂದೆ.”

ಗೇಟಮ್ಮ ಆಕೆಯ ಕೈಯ ಮೇಲೆ ಕೈ ಇಟ್ಟಳು. ಆ ಹೆಂಗಸಿನ ಮೇಲೆ ಅವಳಿಗೆ ಏನೂ ಇರಲಿಲ್ಲ, ನಿಜವಾಗಿ ಕನಿಕರವಾಯಿತು.

“ಅಕ್ಕ, ನಿಮ್ಮನ್ನ ಬರಿಗೈಲಿ ಕಳಿಸೋಕೆ ನನಗೂ ಸಂಕಟ. ಆದ್ರೆ ಅವರ ಪುಣ್ಯ ನೋಡಿ” ಎಂದಳು. “ಹೊರಗೆ ನಿಂತು ಬಾಗಿಲು ಹಿಡ್ಕೊಳ್ಳೋಕೆ ನೀವಿದ್ದೀರಿ.”

ಆಕೆ ನೀರು ಕುಡಿಯದೆ ಲೋಟ ಕೆಳಗಿಟ್ಟು ಎದ್ದಳು. ಗೇಟಮ್ಮ ಗೇಟಿನವರೆಗೆ ಹೋಗಿ ಬೀಳ್ಕೊಟ್ಟು ಬಂದಳು. ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.